ಎಸಿಎಂ ಕಳಚುವ ಮುನ್ನ: ವಿಮಾನದ ಕಂಪ್ರೆಸರ್, ಹೀಟ್ ಎಕ್ಸ್‌ಚೇಂಜರ್‌ಗಳಲ್ಲಿ ಒತ್ತಡ ನಷ್ಟ ಹುಡುಕಿ ತಗ್ಗಿಸುವ ಕ್ರಮ

ಮಾರ್ಚ್ ಬಂತೆಂದರೆ ಮುಂಬೈ ವಿಮಾನ ನಿಲ್ದಾಣದ ಲಾಗ್‌ಬುಕ್‌ಗಳಲ್ಲಿ ಒಂದೇ ಬಗೆಯ ದೂರು ಕಾಣಿಸತೊಡಗುತ್ತದೆ. ಟ್ಯಾಕ್ಸಿವೇಯಲ್ಲಿ ಸರದಿ ಕಾಯುವಾಗ ಕ್ಯಾಬಿನ್ ತಂಪಾಗುವುದಿಲ್ಲ, ಒಂದು ಪ್ಯಾಕಿನ (ಕ್ಯಾಬಿನ್ ಗಾಳಿಯನ್ನು ತಂಪು ಮಾಡುವ ಘಟಕದ) ಕಂಪ್ರೆಸರ್ ಹೊರಗಾಳಿಯ, ಅಂದರೆ ಕಂಪ್ರೆಸರಿನಿಂದ ಹೊರಬರುವ ಗಾಳಿಯ, ಉಷ್ಣತೆ ಏರುತ್ತಲೇ ಹೋಗುತ್ತದೆ, ವಿಮಾನ ಹಾರಿದ ಹತ್ತು ನಿಮಿಷಕ್ಕೆ ಎಲ್ಲ ಸರಿಹೋಗುತ್ತದೆ. ಇಂಥ ದೂರಿಗೆ ಪ್ಯಾಕಿನ ಕಂಪ್ರೆಸರ್, ಟರ್ಬೈನ್, ಫ್ಯಾನ್ ಇರುವ ಏರ್ ಸೈಕಲ್ ಮೆಷಿನ್, ಅಂದರೆ ಎಸಿಎಂ ಬದಲಿಸುವುದು ಎಲ್ಲಕ್ಕಿಂತ ದುಬಾರಿಯ ಉತ್ತರ. ಅದು ತಪ್ಪು ಉತ್ತರವೂ ಆಗಿರುವ ಸಾಧ್ಯತೆ ಹೆಚ್ಚು. ಕಳಚಿ ಕಳಿಸಿದ ಮೆಷಿನ್ ಬೆಂಚಿನ ಮೇಲೆ ಸರಿಯಾಗಿಯೇ ಓಡಿ ತೋರಿಸುವುದು ಅಪರೂಪವಲ್ಲ.

ವಸಾಯಿ, ಡೊಂಬಿವಲಿ ಕಡೆಯಿಂದ ಲೋಕಲ್ ಹಿಡಿದು ಸಾಂತಾಕ್ರೂಜಿನ ಹ್ಯಾಂಗರುಗಳಿಗೆ ಬರುವ ಕನ್ನಡದ ಟೆಕ್ನಿಷಿಯನ್‌ಗಳನ್ನೂ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರಿಂಗ್) ಓದುತ್ತಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಪುಣೆ, ಗೋವಾಗಳಲ್ಲಿ ಕೆಲಸ ಮಾಡುವವರಿಗೆ ಲೆಕ್ಕ ಎಲ್ಲಿ ಬದಲಾಗುತ್ತದೆ ಎಂಬುದನ್ನೂ ಹೇಳಿದೆ. ಇಲ್ಲಿರುವ ಅಂಕಿಗಳು ವಿಷಯ ತಿಳಿಯಲು. ಕೆಲಸಕ್ಕೆ ಆಯಾ ವಿಮಾನದ ಮೇಂಟೆನೆನ್ಸ್ ಮ್ಯಾನ್ಯುಯಲ್‌ನ ಎಟಿಎ 21 (ಹವಾನಿಯಂತ್ರಣ) ಮತ್ತು 36ನೇ (ಒತ್ತಡದ ಗಾಳಿ) ಅಧ್ಯಾಯಗಳೇ ಆಧಾರ, ಸಹಿ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಲೈಸೆನ್ಸ್ ಇರುವ ಎಂಜಿನಿಯರರದು.

ಗಾಳಿ ಹೋಗುವ ದಾರಿ

ಎಂಜಿನ್ ಕಂಪ್ರೆಸರಿನಿಂದ ತೆಗೆದ ಬ್ಲೀಡ್ ಗಾಳಿ ಪ್ರೀಕೂಲರ್ ದಾಟಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ಯಾಕಿಗೆ ಬರುತ್ತದೆ. ಏರ್‌ಬಸ್ ಎ320, ಬೋಯಿಂಗ್ 737 ಎರಡರಲ್ಲೂ ಒತ್ತಡವನ್ನು 40ರಿಂದ 45 ಪಿಎಸ್‌ಐ ಆಸುಪಾಸಿಗೆ ಕಟ್ಟಿಹಾಕಲಾಗುತ್ತದೆ. ಎಂಜಿನ್ ಐಡಲ್‌ನಲ್ಲಿದ್ದಾಗ ಅಥವಾ ಎಪಿಯು (ಬಾಲದಲ್ಲಿರುವ ಸಹಾಯಕ ಎಂಜಿನ್) ಗಾಳಿ ಬಳಸುವಾಗ ಅದು ಇನ್ನೂ ಕಡಿಮೆ. ಅಲ್ಲಿಂದ ಫ್ಲೋ ಕಂಟ್ರೋಲ್ ವಾಲ್ವ್, ಪ್ರೈಮರಿ ಹೀಟ್ ಎಕ್ಸ್‌ಚೇಂಜರ್, ಎಸಿಎಂನ ಕಂಪ್ರೆಸರ್, ಮೇನ್ ಹೀಟ್ ಎಕ್ಸ್‌ಚೇಂಜರ್, ರೀಹೀಟರ್, ಕಂಡೆನ್ಸರ್, ವಾಟರ್ ಎಕ್ಸ್‌ಟ್ರ್ಯಾಕ್ಟರ್, ಮತ್ತೆ ರೀಹೀಟರ್, ಟರ್ಬೈನ್, ಕಂಡೆನ್ಸರಿನ ತಣ್ಣಗಿನ ಬದಿ, ಕೊನೆಗೆ ಮಿಕ್ಸರ್. ಎರಡೂ ಹೀಟ್ ಎಕ್ಸ್‌ಚೇಂಜರುಗಳನ್ನು ಹೊರಗಿನ ರ‍್ಯಾಮ್ ಗಾಳಿ ಅಡ್ಡಲಾಗಿ ಹಾದು ತಂಪು ಮಾಡುತ್ತದೆ. ಹಾರುವಾಗ ಈ ಗಾಳಿಯನ್ನು ವಿಮಾನದ ವೇಗವೇ ತಳ್ಳುತ್ತದೆ. ನೆಲದ ಮೇಲೆ ಎಸಿಎಂನ ಫ್ಯಾನ್ ಒಂದೇ ಎಳೆಯಬೇಕು. ಟ್ಯಾಕ್ಸಿಯಲ್ಲಿ ಕಾಣುವ ದೂರು ಆಕಾಶದಲ್ಲಿ ಮಾಯವಾಗುವುದಕ್ಕೆ ಕಾರಣ ಇಷ್ಟೇ.

ನಷ್ಟವನ್ನು ಅಲ್ಲಿಯ ಒತ್ತಡದ ಪಾಲಾಗಿ ಅಳೆಯಿರಿ

4 ಕಿಲೋಪ್ಯಾಸ್ಕಲ್ ನಷ್ಟ ಎಂದರೆ ದೊಡ್ಡದೋ ಚಿಕ್ಕದೋ? ಎಲ್ಲಿ ಎಂದು ಗೊತ್ತಿಲ್ಲದೆ ಹೇಳಲಾಗದು. ಟರ್ಬೈನಿಗೆ ಗಾಳಿ 300 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ, 47 ಡಿಗ್ರಿಯಲ್ಲಿ ಬಂದು 100ಕ್ಕೆ ಹಿಗ್ಗುತ್ತದೆ, ದಕ್ಷತೆ ಶೇ. 80 ಎಂದಿಟ್ಟುಕೊಳ್ಳಿ. ಆಗ ಗಾಳಿ ಸುಮಾರು 69 ಡಿಗ್ರಿಯಷ್ಟು ತಣ್ಣಗಾಗುತ್ತದೆ. ಅದೇ 4 ಕಿಲೋಪ್ಯಾಸ್ಕಲ್ ಟರ್ಬೈನಿಗೆ ಮುಂಚೆ ಕಳೆದುಹೋದರೆ ತಂಪು ಮುಕ್ಕಾಲು ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ಟರ್ಬೈನ್ ಆದಮೇಲೆ, ಕಂಡೆನ್ಸರಿನಲ್ಲೋ ಮಿಕ್ಸರ್ ಕಡೆಯ ಡಕ್ಟಿನಲ್ಲೋ ಕಳೆದುಹೋದರೆ ಎರಡು ಡಿಗ್ರಿಗೂ ಮೀರಿ ಕಡಿಮೆಯಾಗುತ್ತದೆ. ನಷ್ಟ ಅಷ್ಟೇ, ಪೆಟ್ಟು ಮೂರು ಪಟ್ಟು.

ರ‍್ಯಾಮ್ ಬದಿಯಲ್ಲಿ ಇದು ಇನ್ನೂ ತೀವ್ರ. ನೆಲದ ಮೇಲೆ ಫ್ಯಾನ್ ಹುಟ್ಟಿಸುವ ಒತ್ತಡವೇ ಅಲ್ಪ. ಅದರಲ್ಲಿ 1 ಕಿಲೋಪ್ಯಾಸ್ಕಲ್ ಧೂಳಿಗೆ ಹೋದರೂ ಹರಿವು ಸೊರಗುತ್ತದೆ. ಹಾಗಾಗಿ ಹುಡುಕಾಟ ಕಡಿಮೆ ಒತ್ತಡದ ಬದಿಯಿಂದ ಆರಂಭವಾಗಬೇಕು: ಮೊದಲು ರ‍್ಯಾಮ್ ದಾರಿ, ಆಮೇಲೆ ಟರ್ಬೈನಿನ ಕೆಳಗಿನ ದಾರಿ, ಆಮೇಲೆ ಬ್ಲೀಡ್ ಡಕ್ಟ್, ಎಲ್ಲಕ್ಕಿಂತ ಕೊನೆಗೆ ಎಸಿಎಂ. ಹ್ಯಾಂಗರುಗಳಲ್ಲಿ ಸಾಮಾನ್ಯವಾಗಿ ಈ ಕ್ರಮ ತಲೆಕೆಳಗಾಗಿರುತ್ತದೆ.

ಹಂತ 1: ಎಡ ಬಲ ಹೋಲಿಸಿ

ಒಂದೇ ವಿಮಾನದ ಎರಡು ಪ್ಯಾಕುಗಳಿಗೆ ಹೊರಗಿನ ಗಾಳಿ ಒಂದೇ, ಎತ್ತರ ಒಂದೇ, ಬ್ಲೀಡ್ ಮೂಲವೂ ಎಪಿಯು ಆದರೆ ಒಂದೇ. ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು. ಎಪಿಯು ಗಾಳಿಯಲ್ಲಿ ಒಂದೊಂದೇ ಪ್ಯಾಕ್ ಓಡಿಸಿ, ಹದಿನೈದು ನಿಮಿಷ ಬಿಟ್ಟು, ಕಂಪ್ರೆಸರ್ ಹೊರಗಾಳಿಯ ಉಷ್ಣತೆ, ಪ್ಯಾಕ್ ಹೊರಗಾಳಿಯ ಉಷ್ಣತೆ, ಹರಿವು, ರ‍್ಯಾಮ್ ಬಾಗಿಲು ಎಷ್ಟು ತೆರೆದಿದೆ ಎಂಬ ನಾಲ್ಕನ್ನು ಬರೆದುಕೊಳ್ಳಿ.

ರ‍್ಯಾಮ್ ಬಾಗಿಲು ಪೂರ್ತಿ ತೆರೆದಿದ್ದೂ ಕಂಪ್ರೆಸರ್ ಹೊರಗಾಳಿ ಪಕ್ಕದ ಪ್ಯಾಕಿಗಿಂತ ಬಿಸಿಯಾಗಿದ್ದರೆ ರ‍್ಯಾಮ್ ಬದಿ ಕಟ್ಟಿಕೊಂಡಿದೆ ಎಂದೇ ಮೊದಲ ಅನುಮಾನ. ಎ320ರಲ್ಲಿ ಈ ಉಷ್ಣತೆ 260 ಡಿಗ್ರಿ ದಾಟಿದರೆ ಓವರ್‌ಹೀಟ್ ಎಚ್ಚರಿಕೆ ಬರುತ್ತದೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಕಂಪ್ರೆಸರ್ ಹೊರಗಾಳಿ ಸಹಜವಾಗಿದ್ದು ಪ್ಯಾಕ್ ಹೊರಗಾಳಿ ಮಾತ್ರ ಬೆಚ್ಚಗಿದ್ದರೆ ಟರ್ಬೈನಿನ ಕೆಳಗೆ ನೋಡಿ: ಕಂಡೆನ್ಸರ್, ಬೈಪಾಸ್ ವಾಲ್ವ್, ಡಕ್ಟ್. ಎರಡೂ ಉಷ್ಣತೆ ಸರಿಯಿದ್ದು ಹರಿವು ಮಾತ್ರ ಕಡಿಮೆಯಿದ್ದರೆ ಬ್ಲೀಡ್ ಡಕ್ಟಿನಲ್ಲಿ ಸೋರಿಕೆಯೋ ಫ್ಲೋ ಕಂಟ್ರೋಲ್ ವಾಲ್ವ್ ಅರ್ಧಕ್ಕೆ ನಿಂತಿರುವುದೋ ಇರಬಹುದು.

ಹಂತ 2: ಅಳೆಯುವುದನ್ನು ಸರಿಯಾಗಿ ಅಳೆಯಿರಿ

ಮ್ಯಾನ್ಯುಯಲ್ ಒಪ್ಪುವ ಕಡೆಗಳಲ್ಲಿ ಮಾತ್ರ ಒತ್ತಡದ ಟ್ಯಾಪ್ ಬಳಸಿ. ರ‍್ಯಾಮ್ ಬದಿಗೆ 0–5 ಕಿಲೋಪ್ಯಾಸ್ಕಲ್ ವ್ಯಾಪ್ತಿಯ ಡಿಫರೆನ್ಷಿಯಲ್ ಮ್ಯಾನೊಮೀಟರ್ ಸಾಕು. ನೀರು ತುಂಬಿದ ಯು ಕೊಳವೆಯೂ ನಡೆದೀತು, ಒಂದು ಸೆಂಟಿಮೀಟರ್ ನೀರು ಎಂದರೆ 98 ಪ್ಯಾಸ್ಕಲ್. ಬ್ಲೀಡ್ ಬದಿಗೆ ಬಳಸುವ ದೊಡ್ಡ ಗೇಜನ್ನು ಇಲ್ಲಿ ತಂದರೆ ಮುಳ್ಳು ಅಲ್ಲಾಡುವುದೇ ಇಲ್ಲ.

ಶಾಪಿನ ಟೆಸ್ಟ್ ರಿಗ್‌ನಲ್ಲಿ ಟ್ಯಾಪಿನ ತೂತು 1ರಿಂದ 1.5 ಮಿಲಿಮೀಟರ್ ಇರಲಿ, ಗೋಡೆಗೆ ನೇರ ಲಂಬವಾಗಿರಲಿ, ಒಳ ಅಂಚಿನಲ್ಲಿ ಬರ್ (ಕೊರೆದಾಗ ಏಳುವ ಲೋಹದ ಸಿಬಿರು) ಉಳಿಯದಿರಲಿ. ಬೆರಳಿಗೆ ತಾಗದಷ್ಟು ಸಣ್ಣ ಬರ್ ಕೂಡ ರೀಡಿಂಗ್ ಕೆಡಿಸುತ್ತದೆ. ತಿರುವಿನ ಪಕ್ಕದಲ್ಲೇ ಟ್ಯಾಪ್ ಹಾಕಿದರೆ ಆ ತಿರುವಿನ ಸುಳಿಯನ್ನು ಅಳೆದಂತಾಗುತ್ತದೆ, ಆದ್ದರಿಂದ ತಿರುವಿಗೂ ಟ್ಯಾಪಿಗೂ ನಡುವೆ ಡಕ್ಟಿನ ವ್ಯಾಸದ ಐದರಿಂದ ಹತ್ತು ಪಟ್ಟು ನೇರ ಉದ್ದ ಬೇಕು. ಎರಡು ಟ್ಯಾಪುಗಳ ಕಡೆ ಡಕ್ಟಿನ ಅಡ್ಡಳತೆ ಬೇರೆ ಬೇರೆಯಾಗಿದ್ದರೆ ಸ್ಟ್ಯಾಟಿಕ್ ಒತ್ತಡದ ವ್ಯತ್ಯಾಸ ನಷ್ಟವನ್ನು ಹೇಳುವುದಿಲ್ಲ, ಟೋಟಲ್ ಒತ್ತಡವನ್ನೇ (ಸ್ಟ್ಯಾಟಿಕ್ ಜೊತೆ ಗಾಳಿಯ ವೇಗದಿಂದ ಬರುವ ಒತ್ತಡವೂ ಸೇರಿದ್ದು) ಹೋಲಿಸಬೇಕು. ಈ ಒಂದು ತಪ್ಪಿನಿಂದ ಒಳ್ಳೆಯ ಡಿಫ್ಯೂಸರ್ (ಮುಂದಕ್ಕೆ ಅಗಲವಾಗುವ ಡಕ್ಟ್) ಕೆಟ್ಟದ್ದಾಗಿಯೂ ಕೆಟ್ಟದ್ದು ಒಳ್ಳೆಯದಾಗಿಯೂ ಕಾಣುತ್ತದೆ.

ಇನ್ನು ಸಾಂದ್ರತೆಯ ಲೆಕ್ಕ. ಮುಂಬೈ ನಿಲ್ದಾಣ ಸಮುದ್ರ ಮಟ್ಟದಲ್ಲೇ ಇದೆ ಎನ್ನಬಹುದು. ಪುಣೆಯ ಲೋಹೆಗಾಂವ್ ಸುಮಾರು 590 ಮೀಟರ್ ಎತ್ತರದಲ್ಲಿದೆ, ಅಲ್ಲಿ ಹೊರಗಿನ ಒತ್ತಡವೇ ಶೇ. 7ರಷ್ಟು ಕಡಿಮೆ. ಫ್ಯಾನ್ ಅದೇ ವೇಗದಲ್ಲಿ ತಿರುಗಿದರೆ ಎಳೆಯುವ ಗಾಳಿಯ ಗಾತ್ರ ಅಷ್ಟೇ, ತೂಕ ಕಡಿಮೆ, ಮ್ಯಾನೊಮೀಟರಿನ ರೀಡಿಂಗೂ ಶೇ. 7 ಕಡಿಮೆ. ಮುಂಬೈಯ ಅಂಕಿಯ ಜೊತೆ ನೇರ ಹೋಲಿಸಿದರೆ ಕಟ್ಟಿಕೊಂಡ ಕೋರ್ (ಹೀಟ್ ಎಕ್ಸ್‌ಚೇಂಜರಿನ ಫಿನ್‌ಗಳಿರುವ ಒಡಲು) ಶುದ್ಧವಾಗಿ ಕಾಣುತ್ತದೆ. ಟೆಸ್ಟ್ ರಿಗ್‌ನಲ್ಲಿ ಹರಿವಿನ ತೂಕವನ್ನು ಸಮನಾಗಿ ಹಿಡಿದರೆ ಇದು ತಿರುಗುಮುರುಗು: ತೆಳು ಗಾಳಿ ಬೇಗ ಓಡಬೇಕಾಗುತ್ತದೆ, ರೀಡಿಂಗ್ ಶೇ. 7ರಷ್ಟು ಹೆಚ್ಚು ಬರುತ್ತದೆ. 15 ಡಿಗ್ರಿಯ ಜನವರಿ ಬೆಳಗು ಮತ್ತು 35 ಡಿಗ್ರಿಯ ಮಧ್ಯಾಹ್ನದ ನಡುವೆಯೂ ಇಷ್ಟೇ ವ್ಯತ್ಯಾಸವಿದೆ. ಆದ್ದರಿಂದ ಪ್ರತಿ ರೀಡಿಂಗಿನ ಪಕ್ಕ ಉಷ್ಣತೆ ಮತ್ತು ಹೊರಗಿನ ಒತ್ತಡ ಬರೆಯದಿದ್ದರೆ ಆ ರೀಡಿಂಗ್ ಮುಂದಿನ ತಿಂಗಳು ಯಾವ ಉಪಯೋಗಕ್ಕೂ ಬಾರದು.

ಹಂತ 3: ರ‍್ಯಾಮ್ ದಾರಿ

ಕೈ ಹಾಕುವ ಮೊದಲು ಪ್ಯಾಕ್ ಆಫ್, ಬ್ಲೀಡ್ ಆಫ್, ಗ್ರೌಂಡ್ ಕಾರ್ಟ್ ಮೆದುಗೊಳವೆ ಕಳಚಿ, ಸರ್ಕ್ಯೂಟ್ ಬ್ರೇಕರುಗಳಿಗೆ ಟ್ಯಾಗ್ ಕಟ್ಟಿ. ರ‍್ಯಾಮ್ ಬಾಗಿಲ ಆಕ್ಚುಯೇಟರ್ ಹೇಳದೆ ಕೇಳದೆ ಓಡಿ ಬೆರಳು ಕತ್ತರಿಸಬಲ್ಲದು.

ಮೊದಲು ಬಾಗಿಲು. ಪೂರ್ತಿ ತೆರೆದಿದೆ ಎಂದು ಸೂಚಕ ಹೇಳಿದರೂ ನಿಜವಾಗಿ ಎಷ್ಟು ತೆರೆದಿದೆ ಎಂದು ಸ್ಕೇಲ್ ಹಿಡಿದು ನೋಡಿ. ರಿಗ್ಗಿಂಗ್ (ಬಾಗಿಲ ಜೋಡಣೆಯ ಹೊಂದಾಣಿಕೆ) ತಪ್ಪಿದರೆ ಇಡೀ ಪ್ಯಾಕಿಗೆ ಗಾಳಿ ಕಡಿಮೆ. 737ರಲ್ಲಿ ನೆಲದ ಮೇಲೆ ಚಾಚಿಕೊಳ್ಳುವ ಡಿಫ್ಲೆಕ್ಟರ್ ಬಾಗಿಲು ಟೇಕ್‌ಆಫ್ ಆದಮೇಲೆ ಒಳಹೋಗುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ಒಳದಾರಿಯ ತುಟಿಯ ಮೇಲೆ ಎದ್ದ ಬಣ್ಣ, ಉಬ್ಬಿದ ಸೀಲಂಟ್ ಇದ್ದರೆ ಸರಿಪಡಿಸಿ. ಗಾಳಿ ನುಣ್ಣಗೆ ಒಳಬರುವ ಬಾಗಿದ ತುಟಿಗೆ ನಷ್ಟ ಗುಣಾಂಕ 0.05 ಒಳಗೆ, ಚೂಪು ಅಂಚಿಗೆ 0.5. ಹತ್ತು ಪಟ್ಟು.

ಈಗ ಹೀಟ್ ಎಕ್ಸ್‌ಚೇಂಜರಿನ ಮುಖ. ವಾಟರ್ ಎಕ್ಸ್‌ಟ್ರ್ಯಾಕ್ಟರ್ ಹಿಡಿದ ನೀರನ್ನು ಚೆಲ್ಲದೆ ರ‍್ಯಾಮ್ ಗಾಳಿಗೇ ಸಿಂಪಡಿಸುವುದು ಈ ವ್ಯವಸ್ಥೆಯ ಜಾಣತನ, ನೀರು ಆವಿಯಾಗುವಾಗ ಕೋರ್ ಇನ್ನಷ್ಟು ತಂಪಾಗುತ್ತದೆ. ಆದರೆ ಆ ನೀರಿಗೆ ಧೂಳು ಸೇರಿದಾಗ ಏನಾಗುತ್ತದೆ ಎಂಬುದನ್ನು ಟಾರ್ಚ್ ಹಿಡಿದು ಹತ್ತಿರದಿಂದ ನೋಡಬೇಕು. ಫಿನ್‌ಗಳ ನಡುವಿನ ಸಂದು ಒಂದೂವರೆ ಮಿಲಿಮೀಟರ್ ಆಸುಪಾಸು. ಇಂಜೆಕ್ಟರ್ ನಳಿಗೆಯ ಎದುರು ಬೀಸಣಿಗೆಯ ಆಕಾರದಲ್ಲಿ ಒಂದು ಬೂದು ಪಟ್ಟೆ, ಅದರ ಮೇಲೆ ಹುಳುಗಳ ರೆಕ್ಕೆ, ಹುಲ್ಲಿನ ಎಳೆ, ಸಗಣಿ ಸಾರಿಸಿದ ನೆಲದ ಹಾಗೆ ಬಿರುಕುಬಿಟ್ಟ ಒಣಪೊರೆ. ನಳಿಗೆಯಿಂದ ದೂರದ ಮೂಲೆಗಳಲ್ಲಿ ಅದೇ ಧೂಳು ಪುಡಿಯಾಗಿಯೇ ಇರುತ್ತದೆ, ಕುಂಚ ತಾಗಿದರೆ ಉದುರುತ್ತದೆ. ಮುಂಬೈಯಲ್ಲಿ ಕಟ್ಟಡ ಕೆಲಸದ ಸಿಮೆಂಟಿನ ಬೂದು ಧೂಳು, ಗೋವಾದ ಮೋಪಾದಲ್ಲಿ ಮುರಕಲ್ಲಿನ ಕೆಂಪು ಧೂಳು. ಸಿಮೆಂಟ್ ಧೂಳು ನೀರು ಸೇರಿ ಗಟ್ಟಿಯಾದರೆ ಊದಿದರೆ ಹೋಗುವುದಿಲ್ಲ.

ಮುಖದ ಐದರಲ್ಲೊಂದು ಪಾಲು ಮುಚ್ಚಿಕೊಂಡರೆ ಉಳಿದ ಸಂದುಗಳಲ್ಲಿ ಗಾಳಿ 1.25 ಪಟ್ಟು ವೇಗದಲ್ಲಿ ಓಡಬೇಕು. ಇಂಥ ಫಿನ್‌ಗಳಲ್ಲಿ ನಷ್ಟ ವೇಗದ 1.8ನೇ ಘಾತದಂತೆ ಏರುತ್ತದೆ ಎಂದು ಹಿಡಿದರೆ ಒತ್ತಡ ನಷ್ಟ ಒಂದೂವರೆ ಪಟ್ಟು.

ಶುಚಿ ಮಾಡುವಾಗ ಗಾಳಿ ಹರಿಯುವ ದಿಕ್ಕಿಗೆ ಎದುರಾಗಿ, ಅಂದರೆ ಶುದ್ಧ ಬದಿಯಿಂದ ಕೊಳೆ ಬದಿಗೆ ಹೋಗಬೇಕು. ಮುಂದಿನಿಂದ ಊದಿದರೆ ಕೊಳೆ ಕೋರಿನ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ, ಮುಖ ಹೊಳೆಯುತ್ತದೆ, ನಷ್ಟ ಹಾಗೇ ಉಳಿಯುತ್ತದೆ. ವಿಮಾನದ ಮೇಲೆಯೇ ಮಾಡುವುದಾದರೆ ಮೊದಲು ಮೆತ್ತನೆ ಕುಂಚದ ವ್ಯಾಕ್ಯೂಮ್, ಆಮೇಲೆ ಹಿಂಬದಿಯಿಂದ ಕಡಿಮೆ ಒತ್ತಡದ ಒಣಗಾಳಿ. ನಳಿಗೆಯನ್ನು ಮುಖಕ್ಕೆ ನೇರವಾಗಿ ಹಿಡಿಯಿರಿ, ಓರೆ ಹಿಡಿದರೆ ಫಿನ್ ಮಡಚಿಕೊಳ್ಳುತ್ತದೆ. ಫಿನ್ ಹಾಳೆ 0.1 ಮಿಲಿಮೀಟರ್ ಸುಮಾರಿನ ಅಲ್ಯೂಮಿನಿಯಂ. ವಾಹನ ತೊಳೆಯುವ ಪ್ರೆಷರ್ ಜೆಟ್ ಇಲ್ಲಿ ಬೇಡವೇ ಬೇಡ, ಅದು ಹತ್ತು ನಿಮಿಷದಲ್ಲಿ ಮಾಡುವ ಹಾನಿಯನ್ನು ಫಿನ್ ಬಾಚಣಿಗೆಯಿಂದ ಒಂದು ಪಾಳಿಯಿಡೀ ಕೂತರೂ ತಿದ್ದಲಾಗದು.

ಗಟ್ಟಿಯಾದ ಪೊರೆಗೆ ಕೋರನ್ನು ಕಳಚಿ ಶಾಪಿಗೆ ಕಳಿಸಬೇಕು. ಅಲ್ಲಿಯ ಕ್ರಮ: ಒಣಗಿಸಿ ತೂಗುವುದು, ಮ್ಯಾನ್ಯುಯಲ್ ಹೆಸರಿಸಿದ, ಅಲ್ಯೂಮಿನಿಯಂ ತಿನ್ನದ ಕ್ಲೀನರಿನಲ್ಲಿ ನೆನೆಸುವುದು, ಅಲುಗಿಸಿ ತೊಳೆಯುವುದು, ಡಿಅಯಾನೈಸ್ಡ್ ನೀರಿನಲ್ಲಿ ಜಾಲಾಡುವುದು, ಬೆಚ್ಚನೆಯ ಗಾಳಿಯಲ್ಲಿ ಪೂರ್ತಿ ಒಣಗಿಸುವುದು, ಮತ್ತೆ ತೂಗುವುದು. ನಲ್ಲಿ ನೀರಿನ ಕ್ಲೋರೈಡ್ ಸಂದಿನಲ್ಲಿ ಉಳಿದರೆ ತುಕ್ಕಿನ ತೂತು ಅಲ್ಲಿಂದಲೇ ಆರಂಭ. ತೂಕ ಹೊಸ ಕೋರಿನ ಹತ್ತಿರಕ್ಕೆ ಬರದಿದ್ದರೆ ಒಳಗೆ ಇನ್ನೂ ಕೊಳೆಯಿದೆ ಅಥವಾ ನೀರಿದೆ. ಆಮೇಲೆ ಬಿಸಿ ಬದಿಗೆ ಲೀಕ್ ಟೆಸ್ಟ್, ನಿಗದಿತ ಹರಿವಿನಲ್ಲಿ ಒತ್ತಡ ನಷ್ಟದ ಪರೀಕ್ಷೆ. ಲೀಕ್ ಟೆಸ್ಟ್ ಬಿಟ್ಟು ಬರೀ ಹರಿವಿನ ಪರೀಕ್ಷೆ ಮಾಡಿದ ಕೋರನ್ನು ನಂಬಬೇಡಿ: ತುಕ್ಕಿನ ತೂತನ್ನು ಮುಚ್ಚಿದ್ದದ್ದು ಆ ಕೊಳೆಯೇ ಆಗಿರಬಹುದು.

ಮತ್ತೆ ಕೂರಿಸುವಾಗ ಪ್ಲೀನಮ್ (ಗಾಳಿ ತುಂಬಿ ಹಾಯುವ ಪೆಟ್ಟಿಗೆ) ಮತ್ತು ಕೋರಿನ ನಡುವಿನ ರಬ್ಬರ್ ಸೀಲ್ ನೋಡಿ. ಇದೇ ಎಲ್ಲರೂ ಎಡವುವ ಜಾಗ. ಸೀಲ್ ಹರಿದಿದ್ದರೆ ಗಾಳಿ ಕೋರನ್ನು ಹಾಯದೆ ಪಕ್ಕದಿಂದ ನುಸುಳುತ್ತದೆ, ಮ್ಯಾನೊಮೀಟರ್ ಕಡಿಮೆ ನಷ್ಟ ತೋರಿಸುತ್ತದೆ, ಪ್ಯಾಕ್ ಮಾತ್ರ ಬಿಸಿಯಾಗುತ್ತಲೇ ಇರುತ್ತದೆ. ಕಡಿಮೆ ರೀಡಿಂಗ್ ಎಂದರೆ ಶುದ್ಧ ಕೋರ್ ಎಂದು ತಿಳಿಯುವ ಮುನ್ನ ಒಬ್ಬರು ಒಳಗಿನಿಂದ ಟಾರ್ಚ್ ಬಿಟ್ಟು ಇನ್ನೊಬ್ಬರು ಹೊರಗಿನಿಂದ ಬೆಳಕು ಸೋರುವ ಕಡೆ ಗುರುತು ಹಾಕಿ.

ಹಂತ 4: ಮಳೆಗಾಲದ ನೀರು

ಜುಲೈಯ ಮುಂಬೈಯಲ್ಲಿ 30 ಡಿಗ್ರಿ, ಶೇ. 85 ತೇವ ಎಂದರೆ ಒಂದು ಕಿಲೋ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರು. ಪ್ಯಾಕಿನಲ್ಲಿ ಸೆಕೆಂಡಿಗೆ ಅರ್ಧ ಕಿಲೋ ಗಾಳಿ ಹರಿದರೆ ಗಂಟೆಗೆ 40 ಲೀಟರಿನಷ್ಟು ನೀರು ಆವಿಯಾಗಿ ಒಳಬರುತ್ತದೆ. ಅದರ ಬಹುಪಾಲು ಕಂಡೆನ್ಸರಿನಲ್ಲಿ ಹನಿಯಾಗಿ ಎಕ್ಸ್‌ಟ್ರ್ಯಾಕ್ಟರಿನಲ್ಲಿ ಬೇರ್ಪಡಬೇಕು. ಇಂಜೆಕ್ಟರ್ ನಳಿಗೆ ಕಟ್ಟಿಕೊಂಡರೆ ಈ ನೀರಿಗೆ ಹೋಗಲು ದಾರಿಯಿಲ್ಲ, ಟರ್ಬೈನಿಗೆ ಹೋಗುತ್ತದೆ, ಅಲ್ಲಿಂದ ಮುಂದೆ ಕಂಡೆನ್ಸರಿನ ತಣ್ಣಗಿನ ಬದಿಯಲ್ಲಿ ಮಂಜುಗಡ್ಡೆಯಾಗುತ್ತದೆ. ಹರಿವು ಏರಿಳಿಯುವುದು, ಪ್ಯಾಕಿನಿಂದ ಗುಂಯ್‌ಗುಡುವ ಸದ್ದು, ತಲೆಮೇಲಿನ ಗಾಳಿಕಿಂಡಿಯಿಂದ ಮಂಜು ಅಥವಾ ಹನಿ ಇವೆಲ್ಲ ಇದರ ಗುರುತು. ಮಂಜುಗಡ್ಡೆ ಬೆಳೆದಂತೆ ಟರ್ಬೈನಿನ ಹಿಂದೊತ್ತಡ ಏರಿ ಹರಿವು ಇಳಿಯುತ್ತದೆ, ಎಸಿಎಂ ಕಂಪ್ರೆಸರ್ ಸರ್ಜ್ (ಗಾಳಿ ಹಿಂದಕ್ಕೆ ಒದೆಯುವ ಸ್ಥಿತಿ) ಕಡೆಗೆ ಸರಿಯುತ್ತದೆ.

ಮಳೆಗೆ ಮುಂಚೆ, ಮೇ ತಿಂಗಳಲ್ಲೇ, ನಳಿಗೆಯನ್ನು ಕಳಚಿ ತೂತು ತೆರೆದಿದೆಯೇ ನೋಡಿ, ತೆಳುವಾದ ಪ್ಲಾಸ್ಟಿಕ್ ಎಳೆಯಿಂದ ಶುಚಿ ಮಾಡಿ. ಉಕ್ಕಿನ ತಂತಿ ತುರುಕಿದರೆ ತೂತು ಹಿಗ್ಗಿ ಸಿಂಪಡಣೆ ಧಾರೆಯಾಗುತ್ತದೆ. ಆ್ಯಂಟಿ ಐಸ್ ವಾಲ್ವ್ ಸಲೀಸಾಗಿ ತೆರೆದು ಮುಚ್ಚುತ್ತದೆಯೇ ಎಂಬುದನ್ನು ಅದೇ ದಿನ ಪರೀಕ್ಷಿಸಿಬಿಡಿ.

ಹಂತ 5: ಡಕ್ಟುಗಳು

ಡಕ್ಟಿನ ನಷ್ಟ ಗಾಳಿಯ ವೇಗದ ವರ್ಗವನ್ನು ಹಿಂಬಾಲಿಸುತ್ತದೆ, ಆದ್ದರಿಂದ ಒಂದೇ ಹರಿವಿಗೆ ವ್ಯಾಸದ ನಾಲ್ಕನೇ ಘಾತ ಲೆಕ್ಕಕ್ಕೆ ಬರುತ್ತದೆ. 400 ಕಿಲೋಪ್ಯಾಸ್ಕಲ್ ನಿರಪೇಕ್ಷ ಒತ್ತಡ, 200 ಡಿಗ್ರಿಯಲ್ಲಿ ಸೆಕೆಂಡಿಗೆ 0.6 ಕಿಲೋ ಗಾಳಿ 100 ಮಿಲಿಮೀಟರ್ ಡಕ್ಟಿನಲ್ಲಿ ಸೆಕೆಂಡಿಗೆ 26 ಮೀಟರ್ ವೇಗದಲ್ಲಿ ಓಡುತ್ತದೆ, ಚಲನ ಒತ್ತಡ (ಆ ವೇಗದಿಂದ ಬರುವ ಒತ್ತಡ) 1 ಕಿಲೋಪ್ಯಾಸ್ಕಲ್. ಅದೇ ಗಾಳಿಗೆ 75 ಮಿಲಿಮೀಟರ್ ಡಕ್ಟಿನಲ್ಲಿ ವೇಗ 46 ಮೀಟರ್, ಚಲನ ಒತ್ತಡ 3.1. ಮೂಲೆ ಮುರಿದಂಥ 90 ಡಿಗ್ರಿ ತಿರುವು ಈ ಚಲನ ಒತ್ತಡದ 1.1 ಪಟ್ಟನ್ನು ತಿನ್ನುತ್ತದೆ, ವ್ಯಾಸದ ಒಂದೂವರೆ ಪಟ್ಟು ತ್ರಿಜ್ಯದ ನುಣುಪು ತಿರುವು 0.2 ಪಟ್ಟು ಮಾತ್ರ.

ವಿಮಾನದ ಡಕ್ಟಿನ ಆಕಾರ ಬದಲಿಸುವ ಅಧಿಕಾರ ಲೈನ್ ಮೇಂಟೆನೆನ್ಸ್‌ಗಿಲ್ಲ, ಅದಕ್ಕೆ ಅನುಮೋದಿತ ವಿನ್ಯಾಸ ಬೇಕು. ಇರುವ ಡಕ್ಟನ್ನು ಅದರ ಆಕಾರದಲ್ಲೇ ಇಡುವುದು ನಮ್ಮ ಕೈಯಲ್ಲಿದೆ. ವಿ ಬ್ಯಾಂಡ್ ಕ್ಲ್ಯಾಂಪ್ ಹಾಕುವಾಗ ಎರಡು ಫ್ಲೇಂಜುಗಳು ಕೈಯಿಂದಲೇ ಕೂಡಬೇಕು. ಕ್ಲ್ಯಾಂಪಿನಿಂದ ಎಳೆದು ಕೂಡಿಸಿದರೆ ಗ್ಯಾಸ್ಕೆಟ್ ಒಳಗೆ ಚಾಚಿ ಹರಿವಿಗೆ ಅಡ್ಡ ನಿಲ್ಲುತ್ತದೆ. ಟಾರ್ಕ್ ಕೊಟ್ಟು, ಮೆತ್ತನೆ ಸುತ್ತಿಗೆಯಿಂದ ಸುತ್ತಲೂ ತಟ್ಟಿ, ಮತ್ತೆ ಟಾರ್ಕ್ ನೋಡಿ. ಬೆಲ್ಲೋಸ್ (ಡಕ್ಟಿನ ನೆರಿಗೆಯ ಬಳುಕುವ ಭಾಗ) ಒಳಗಿನ ಲೈನರ್ ಹರಿವಿನ ದಿಕ್ಕಿಗಿರಲಿ. ತಿರುವುಮುರುವಾಗಿ ಹಾಕಿದ ಲೈನರಿನ ಅಂಚನ್ನು ಗಾಳಿ ಎತ್ತಿ ಮಡಚುತ್ತದೆ, ಕೆಲವು ತಿಂಗಳಿಗೆ ಅದು ಚೂರಾಗಿ ವಾಲ್ವಿನಲ್ಲಿ ಸಿಗುತ್ತದೆ.

ಟರ್ಬೈನಿನ ಕೆಳಗಿನ, ಕ್ಯಾಬಿನ್ ಕಡೆಯ ಮೆದುಗೊಳವೆಗಳಿಗೆ ಹೆಚ್ಚು ಸಮಯ ಕೊಡಿ, ಮೇಲಿನ ಲೆಕ್ಕ ನೆನಪಿರಲಿ. ಸುರುಳಿತಂತಿಯ ಮೆದುಗೊಳವೆಯನ್ನು ಪೂರ್ತಿ ಎಳೆದು ಹಾಕದಿದ್ದರೆ ಒಳಗೋಡೆ ನೆರಿಗೆಗಟ್ಟಿ ಗಾಳಿಯನ್ನು ತಡೆಯುತ್ತದೆ. ಕಾರ್ಗೋ ಪ್ಯಾನೆಲ್ ಹಿಂದೆ ಒತ್ತಿಕೊಂಡು ಅಡ್ಡಕೊಯ್ತದ ವಿಸ್ತೀರ್ಣ ಮುಕ್ಕಾಲಾದ ಕಡೆ ಚಲನ ಒತ್ತಡ 1.8 ಪಟ್ಟಾಗುತ್ತದೆ. ರೀಸರ್ಕ್ಯುಲೇಶನ್ ಹೆಪಾ ಫಿಲ್ಟರ್ ಕಟ್ಟಿದ್ದರೂ ಕ್ಯಾಬಿನ್ನಿನ ಹರಿವು ಕುಗ್ಗಿ, ದೂರು ಪ್ಯಾಕಿನ ಮೇಲೆ ಬರುತ್ತದೆ. ಫಿಲ್ಟರ್ ಅವಧಿ ಮುಗಿದಿದೆಯೇ ನೋಡಲು ಎರಡು ನಿಮಿಷ ಸಾಕು.

ಬ್ಲೀಡ್ ಡಕ್ಟಿನ ಸೋರಿಕೆ ಹುಡುಕಲು ಕೈ ಆಡಿಸಬೇಡಿ, 200 ಡಿಗ್ರಿ ಗಾಳಿ ಕಣ್ಣಿಗೆ ಕಾಣದೆ ಸುಡುತ್ತದೆ. ತಣ್ಣಗಿರುವಾಗ ಗ್ರೌಂಡ್ ಕಾರ್ಟಿನಿಂದ ಒತ್ತಡ ತುಂಬಿ, ಮೂಲ ಮುಚ್ಚಿ, ಒತ್ತಡ ಇಳಿಯುವ ಸಮಯವನ್ನು ಮ್ಯಾನ್ಯುಯಲ್‌ಗೆ ಹೋಲಿಸಿ. ಬೇಗ ಇಳಿದರೆ ಅಲ್ಟ್ರಾಸಾನಿಕ್ ಡಿಟೆಕ್ಟರ್ ಅಥವಾ ಒಪ್ಪಿದ ಸೋಪಿನ ದ್ರಾವಣ.

ಹಂತ 6: ಕಂಪ್ರೆಸರುಗಳು

ಎಸಿಎಂ ಮುಟ್ಟುವ ಸರದಿ ಈಗ. ಒಳದಾರಿಯ ಡಕ್ಟ್ ಕಳಚಿ ಬೋರೋಸ್ಕೋಪಿನಿಂದ ಕಂಪ್ರೆಸರ್ ಚಕ್ರದ ಅಂಚು, ಕವಚಕ್ಕೆ ಉಜ್ಜಿದ ಗುರುತು ನೋಡಿ. ಫಾಯಿಲ್ ಏರ್ ಬೇರಿಂಗ್ ಇರುವ ಮೆಷಿನನ್ನು ಕೈಯಿಂದ ತಿರುಗಿಸುವುದಾದರೆ ಬಾಣ ತೋರಿಸಿದ ದಿಕ್ಕಿಗೆ ಮಾತ್ರ. ಸಲೀಸಾಗಿ ತಿರುಗಿ, ಅಂಚು ಸರಿಯಿದ್ದರೆ ಮೆಷಿನ್ ಅಲ್ಲೇ ಇರಲಿ, ಹಂತ 3ಕ್ಕೆ ಹಿಂತಿರುಗಿ ಸೀಲುಗಳನ್ನು ಇನ್ನೊಮ್ಮೆ ನೋಡಿ.

ಎಂಜಿನ್ ಕಂಪ್ರೆಸರಿನ ಕಥೆ ಬೇರೆ. ಮುಂಬೈ, ಗೋವಾಗಳ ಉಪ್ಪುಗಾಳಿ ಬ್ಲೇಡುಗಳ ಮೇಲೆ ಕೂತು ಮೈ ಒರಟಾಗುತ್ತದೆ, ಎಂಜಿನ್ ಅದೇ ಥ್ರಸ್ಟಿಗೆ ಹೆಚ್ಚು ಬಿಸಿಯಾಗುತ್ತದೆ. ಎಂಜಿನ್ನಿನ ಒಳಭಾಗ ತೊಳೆಯುವ ಕೋರ್ ವಾಶ್ ಮಾಡುವಾಗ ಎಂಜಿನ್ ಮ್ಯಾನ್ಯುಯಲ್ ಹೇಳಿದಷ್ಟು ತಣ್ಣಗಾಗಲಿ, ಬ್ಲೀಡ್ ಮತ್ತು ಪ್ಯಾಕ್ ಮುಚ್ಚಿರಲಿ, ಸ್ಟಾರ್ಟರಿನಿಂದ ತಿರುಗಿಸುತ್ತಾ ಶುದ್ಧ ನೀರು ಅಥವಾ ಒಪ್ಪಿದ ದ್ರಾವಣ ಸಿಂಪಡಿಸಿ, ಜಾಲಾಡಿ, ನೀರು ಬಸಿಯಲು ಬಿಟ್ಟು, ಎಂಜಿನ್ ಓಡಿಸಿ ಒಣಗಿಸಿ. ಸ್ಟಾರ್ಟರ್ ಡ್ಯೂಟಿ ಸಮಯ (ಅದನ್ನು ಒಂದೇ ಸಮನೆ ಓಡಿಸಬಹುದಾದ ಮಿತಿ) ಮೀರಬೇಡಿ. ಬ್ಲೀಡ್ ಮುಚ್ಚಲು ಮರೆತರೆ ಡಿಟರ್ಜೆಂಟ್ ನೇರ ಪ್ರೀಕೂಲರ್, ಹೀಟ್ ಎಕ್ಸ್‌ಚೇಂಜರುಗಳ ಬಿಸಿ ಬದಿಗೆ ಹೋಗಿ ಅಂಟಾಗಿ ಕೂರುತ್ತದೆ. ಮರುದಿನ ಕ್ಯಾಬಿನ್ನಿನಲ್ಲಿ ವಾಸನೆಯ ದೂರು ಬರುತ್ತದೆ, ಅದನ್ನು ತೆಗೆಯುವುದು ವಾಶ್‌ಗಿಂತ ಹತ್ತು ಪಟ್ಟು ಕೆಲಸ.

ಬರೆದಿಡಬೇಕಾದದ್ದು

ಕೆಲಸ ಮುಗಿದ ಮೇಲೆ ಹಂತ 1ರ ಓಟವನ್ನು ಅದೇ ಎಪಿಯು ಗಾಳಿಯಲ್ಲಿ, ಸಾಧ್ಯವಾದರೆ ಹಿಂದಿನ ಹೊತ್ತಿಗೇ, ಎರಡೂ ಪ್ಯಾಕುಗಳಿಗೆ ಮಾಡಿ. ಕಂಪ್ರೆಸರ್ ಮತ್ತು ಪ್ಯಾಕ್ ಹೊರಗಾಳಿಯ ಉಷ್ಣತೆ, ಹರಿವು, ಬಾಗಿಲ ಸ್ಥಾನ, ಹೊರಗಿನ ಉಷ್ಣತೆ ಮತ್ತು ಒತ್ತಡ, ಊರು, ಕೋರ್ ಕಳಚಿದ್ದರೆ ಶುಚಿಗೆ ಮುಂಚಿನ ಮತ್ತು ಆಮೇಲಿನ ತೂಕ, ಯಾವ ಸೀಲ್ ಬದಲಾಯಿತು. "ಪ್ಯಾಕ್ ಶುಚಿಗೊಳಿಸಿದೆ, ಸರಿಯಿದೆ" ಎಂಬ ಒಂದೇ ಸಾಲು ಬರೆದು ಮುಗಿಸಿದರೆ ಮುಂದಿನ ಮಾರ್ಚಿನಲ್ಲಿ ರಾತ್ರಿ ಪಾಳಿಯವರು ಮತ್ತೆ ಮೊದಲಿಂದ ಹುಡುಕಬೇಕಾಗುತ್ತದೆ.